ಎಂಟು ಗುರುವಾರಗಳ ತೂಕ

ತಾ. ೧೨, ಗುರುವಾರ. ಬೆಳಿಗ್ಗೆ ಹತ್ತೂವರೆ

ಈ ಭೂಮಿಯ ಮೇಲೆ ತೂಕ ಅಂದರೇನು ಅಂತ ಸರಿಯಾಗಿ ಗೊತ್ತಿರುವವನು ನಾನೊಬ್ಬನೇ. ಸರಕಾರದವರು ಹೊಸ ತೂಕದ ಬಟ್ಟುಗಳಿಗೆ ಮುದ್ರೆ ಒತ್ತುವ ಮುಂಚೆ ಒಬ್ಬ ಆಫೀಸರನ್ನು ಜೀಪಿನಲ್ಲಿ ನನ್ನ ತಕ್ಕಡಿ ರಿಪೇರಿ ಅಂಗಡಿಗೆ ಕಳಿಸುತ್ತಾರೆ. ಅವನು ಒಂದು ಕಿಲೋ ಬಟ್ಟನ್ನು ನನ್ನ ಅಂಗೈಯ ಮೇಲೆ ಇಡುತ್ತಾನೆ. ನಾನು ಕಣ್ಣು ಮುಚ್ಚಿ ‘ಹೂಂ’ ಅಂದರೆ ಮಾತ್ರ ಮುದ್ರೆ. ಒಮ್ಮೆ ‘ಊಹೂಂ’ ಅಂದದ್ದಕ್ಕೆ ಒಂದು ಲಾರಿ ಬಟ್ಟು ವಾಪಸ್ ಹೋಯಿತು.

(ಜೀಪು ಬಂದದ್ದು ನಿಜ. ದಾರಿ ಕೇಳಲಿಕ್ಕೆ.)

ಇವತ್ತು ಗುರುವಾರ, ದೊರೆಯ ತೂಕದ ದಿನ. ಒಂಬತ್ತಕ್ಕೆ ಸರಿಯಾಗಿ ಗುಬ್ಬಿ ಬಂದಳು, ಮಗುವನ್ನು ಎತ್ತಿಕೊಂಡು. ಗುಬ್ಬಿ ಅಂದರೆ ಅಕ್ಕನ ಮಗಳು. ದೊರೆ ಅಂದರೆ ಅವಳ ಮಗ, ಐದು ತಿಂಗಳು. ಇಬ್ಬರಿಗೂ ಹೆಸರಿಟ್ಟವನು ನಾನೇ, ಕಾಗದದಲ್ಲಿ ಏನಾದರೂ ಇರಲಿ.

ದೊಡ್ಡ ಹಿತ್ತಾಳೆ ತಟ್ಟೆ, ಅದರ ಮೇಲೆ ನಾಲ್ಕು ಮಡಿಕೆಯ ಹಾಸು, ಹಾಸಿನ ಮೇಲೆ ದೊರೆ. ಇನ್ನೊಂದು ತಟ್ಟೆಗೆ ಬಟ್ಟುಗಳನ್ನು ಗುಬ್ಬಿಯೇ ಹಾಕಬೇಕು. ನಾನು ಮುಟ್ಟುವುದಿಲ್ಲ. ಅವಳೇ ಹಾಕಿ, ಅವಳೇ ಎಣಿಸಿ, ಮುಳ್ಳು ನೆಟ್ಟಗೆ ನಿಂತದ್ದನ್ನು ಅವಳೇ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಐದು ಕಿಲೋ ಒಂಬೈನೂರು.

‘ನೂರು ಗ್ರಾಂ ಏರಿದಾನಾ ಮಾವ? ನಿಜವಾಗ್ಲೂ?’

‘ತಕ್ಕಡಿ ಏನು ನಿನ್ನ ಗಂಡನಾ, ಸುಳ್ಳು ಹೇಳೋಕೆ?’

ಅವಳ ಗಂಡ ಹಡಗಿನಲ್ಲಿ ಅಡುಗೆಯವನು. ಮುಂದಿನ ವಾರ ಬರುತ್ತೇನೆ ಅಂತ ನಾಲ್ಕು ತಿಂಗಳಿಂದ ಫೋನಿನಲ್ಲಿ ಹೇಳುತ್ತಿದ್ದಾನೆ. ನಕ್ಕಳು. ಆಮೇಲೆ ಮಗುವಿನ ಅಂಗಿಯ ಕತ್ತು ಎಳೆದು ತೋರಿಸಿದಳು.

‘ಮತ್ತೆ ಇದು ಸಡಿಲ ಆಗಿದೆಯಲ್ಲ? ಹೋದ ತಿಂಗಳು ಬಿಗೀತಿತ್ತು.’

‘ನೀನು ಒಗೆಯೋ ಥರಕ್ಕೆ ಅಂಗಿ ಹಿಗ್ಗಿದೆ. ಇನ್ನೊಂದು ತಿಂಗಳಿಗೆ ನನಗೇ ಆಗುತ್ತೆ.’

‘ನನ್ನ ಕಣ್ಣಿಗೇ ಏನೋ ಆಗಿದೆ ಬಿಡು,’ ಅಂದಳು.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು. ನಾಳೆ ಸಿಟಿಗೆ ಹೋಗುತ್ತಾಳಂತೆ, ಮಗು ಕಟ್ಟಿಕೊಂಡು. ಶನಿವಾರ ಭಾನುವಾರ ಎರಡು ದಿನ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದ ಗೆಳತಿಯರಿಬ್ಬರು ಈಗ ಅಲ್ಲಿ ಮನೆ ಮಾಡಿದ್ದಾರೆ. ಒಬ್ಬಳು ಪರದೆ ಹೊಲಿಯುವ ಅಂಗಡಿಯಲ್ಲಿ. ಇನ್ನೊಬ್ಬಳು ನರ್ಸು — ಮಕ್ಕಳ ವಾರ್ಡಿನಲ್ಲಿ.

ಮಕ್ಕಳ ವಾರ್ಡಿನಲ್ಲಿ.

‘ನಾನೂ ಬರ್ತೀನಿ,’ ಅಂದೆ.

‘ನೀನಾ? ಯಾಕೆ?’

‘ಸಿಟಿ ಬಸ್ಸು ಹತ್ತೋದು ಎಳೆ ಮಗು ಇಟ್ಕೊಂಡು ನಿನ್ನ ಕೈಲಾಗುತ್ತಾ? ಅಲ್ಲಿ ನನ್ನ ಮುಖ ನೋಡಿದ್ರೆ ಡ್ರೈವರು ಬಸ್ಸು ನಿಲ್ಲಿಸ್ತಾನೆ.’

ಅಕ್ಕ ಕೇಳಿ ಹಣೆ ಚಚ್ಚಿಕೊಂಡಳಂತೆ: ‘ಒಂದು ಮಗೂನ ನೋಡ್ಕೊಳ್ಳೋಕೆ ಇನ್ನೊಂದು ಮಗೂನ ಕರ್ಕೊಂಡು ಹೋಗ್ತೀಯೇನೇ?’

ತಾ. ೧೩, ಶುಕ್ರವಾರ. ಸಂಜೆ ಐದು. ಗೆಳತಿಯರ ಮನೆ

ಮೂರನೇ ಮಹಡಿ. ಲಿಫ್ಟು ಕೆಟ್ಟಿದೆ. ಎರಡು ಚೀಲ, ಒಂದು ಛತ್ರಿ, ಒಂದು ಬಕೆಟ್ಟು (ಬಕೆಟ್ಟು ಯಾಕೆ ಅಂತ ಕೇಳಬಾರದು, ಮಗುವಿನ ಸಾಮಾನಂತೆ) — ನಾನೊಬ್ಬನೇ ಒಂದೇ ಉಸಿರಿಗೆ ಹೊತ್ತು ತಂದೆ. ಎರಡು ಸಲ ಕೂತೆ, ಅದು ಲೆಕ್ಕಕ್ಕಿಲ್ಲ.

ಪುಟ್ಟ ಮನೆ. ಕಿಟಕಿಗೊಂದು ಬಣ್ಣದ ಪರದೆ, ಎಲ್ಲ ಅಂಗಡಿಯಲ್ಲಿ ಉಳಿದ ತುಂಡುಗಳು. ನರ್ಸಮ್ಮ ಇನ್ನೂ ಡ್ಯೂಟಿಯಲ್ಲಿದ್ದಾಳೆ. ಪರದೆಯವಳು ಚಹಾ ಕೊಟ್ಟಳು. ಬಾಯಿ ಜೋರು.

‘ಇವ್ರೇನಾ ನಿನ್ನ ತಕ್ಕಡಿ ಮಾವ? ಹಾಸ್ಟೆಲಲ್ಲಿ ಇವ್ರ ಕಥೆ ಕೇಳಿ ಕೇಳಿ ಎಂಟಡಿ ಇರ್ತಾರೆ ಅಂದ್ಕೊಂಡಿದ್ದೆ.’

‘ಎಂಟಡಿಯೇ ಇದ್ದೆ ತಾಯಿ. ನಿಮ್ಮ ಮೆಟ್ಲು ಹತ್ತಿ ಸವೆದೆ.’

ಗುಬ್ಬಿ ನಕ್ಕಳು. ಹಲ್ಲು ಕಾಣುವ ಹಾಗೆ, ಗೋಡೆಗೆ ತಲೆ ಒರಗಿಸಿ. ಆ ನಗು ನೋಡಿ ಎಷ್ಟು ದಿನವಾಗಿತ್ತು. ಈಗ ಒಳಗೆ ಇಬ್ಬರೂ ಮಂಚದ ಮೇಲೆ ಕೂತು ಯಾರನ್ನೋ ಆಡಿಕೊಳ್ಳುತ್ತಿದ್ದಾರೆ.

ನಾನು ಬಾಲ್ಕನಿಯಲ್ಲಿ. ಬಟ್ಟೆ ಒಣಹಾಕುವ ತಂತಿಯ ಕೆಳಗೆ.

ಬರೆದೇ ಬಿಡುತ್ತೇನೆ. ನನ್ನ ಈ ಡೈರಿ ಓದುವವರು ಯಾರೂ ಇಲ್ಲ.

ಹಾಸಿನ ಮಡಿಕೆಯ ಒಳಗೆ ಸೀಸ ಇದೆ. ಬಟ್ಟಿನ ತೂತಿಗೆ ಕಾಯಿಸಿ ತುಂಬುತ್ತೇವಲ್ಲ, ಅದೇ ಸೀಸ. ಬಡಿದು ತಗಡು ಮಾಡಿಟ್ಟದ್ದು. ಹಿಂದಿನ ಸಂಜೆ ದೊರೆಯನ್ನು ಎತ್ತಿ ಕೈಯಲ್ಲೇ ತೂಗಿ ನೋಡಿ, ಎಷ್ಟು ಬೇಕೋ ಅಷ್ಟನ್ನು ಗುಬ್ಬಿ ಬರುವ ಮುಂಚೆ ಇಡುತ್ತೇನೆ. ‘ಹಾಸಿನ ತೂಕ ಮೊದಲೇ ಕಳೆದಿದ್ದೇನೆ’ ಅಂತ ಹೇಳುತ್ತೇನೆ. ನಂಬುತ್ತಾಳೆ. ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ವ್ಯಾಪಾರಿಗಳ ತಟ್ಟೆಯ ತಳದಿಂದ ಇಂಥದೇ ಸೀಸ ಕಿತ್ತು ತೆಗೆದು ಮಾನ ಕಳೆದವನು ನಾನು. ನನ್ನ ತಟ್ಟೆಯ ಮೇಲೆ ಯಾರಿಗೆ ಅನುಮಾನ?

ಮೂರು ತಿಂಗಳಿಗೆ ಸೂಜಿ ಹಾಕಿಸಿದಾಗ ದೊರೆ ಐದು ಕಿಲೋ ನೂರು ಇದ್ದ. ಮುಂದಿನ ಗುರುವಾರ ನನ್ನ ತಕ್ಕಡಿಯಲ್ಲಿ ಐವತ್ತು ಗ್ರಾಂ ಇಳಿದಿದ್ದ. ಆಗ ಗುಬ್ಬಿ ತಲೆ ಬಾಚುತ್ತಿರಲಿಲ್ಲ. ಉಣ್ಣುತ್ತಿರಲಿಲ್ಲ. ಗೋಡೆ ನೋಡುತ್ತ ಕೂತಿರುತ್ತಿದ್ದಳು. ಹಾಲು ಸಾಲುತ್ತಿಲ್ಲ, ನಾನು ತಾಯಿಯೇ ಅಲ್ಲ ಅನ್ನುತ್ತಿದ್ದಳು. ಅಕ್ಕ ನನ್ನ ತೋಳು ಹಿಡಿದು ‘ಏನಾದ್ರೂ ಒಳ್ಳೇದು ಹೇಳೋ ಅವಳಿಗೆ’ ಅಂದಳು. ಮುಖ ತೊಳೆದು ಬಾ ಅಂತ ಅವಳನ್ನು ಹಿತ್ತಲಿಗೆ ಕಳಿಸಿದೆ, ಸೀಸ ಇಟ್ಟೆ, ಮತ್ತೆ ತೂಗಿಸಿದೆ. ನೂರು ಗ್ರಾಂ ಏರಿದ್ದಾನೆ! ಅವತ್ತು ಗುಬ್ಬಿ ಎರಡು ತಟ್ಟೆ ಅನ್ನ ಉಂಡಳು.

ಎಳೆ ಮಕ್ಕಳು ಏರುತ್ತಾರೆ, ಇಳಿಯುತ್ತಾರೆ. ಅವನು ತಾನಾಗಿ ಏರಿದಾಗ ಒಂದೊಂದೇ ತಗಡು ತೆಗೆಯುವುದು ಅಂತಿತ್ತು ನನ್ನ ಯೋಚನೆ.

ಎಲ್ಲ ಸೇರಿ ಇನ್ನೂರು ಗ್ರಾಂ ಇರಬಹುದು, ಅಷ್ಟೇ.

ಬಸ್ಸಿನಲ್ಲಿ ಹಾಲು ಕುಡಿಯುವಾಗ ನೋಡಿದೆ. ಒಂದು ನಿಮಿಷ ಕುಡಿಯುತ್ತಾನೆ, ಬಿಡುತ್ತಾನೆ, ಏದುಸಿರು ಬಿಡುತ್ತಾನೆ. ಹಣೆಯ ಮೇಲೆ ಬೆವರು, ಕಲ್ಲು ಒಡೆದು ಬಂದವನ ಹಾಗೆ. ‘ದೊರೆಗಳಿಗೆ ಊಟವೂ ಒಂದು ಕೆಲಸವೇ,’ ಅಂದೆ. ಅಕ್ಕಪಕ್ಕದ ಸೀಟಿನವರೆಲ್ಲ ನಕ್ಕರು.

ಅದೇ ದಿನ, ಎಂಟು ಗಂಟೆ

ನರ್ಸಮ್ಮ ಬಂದಳು. ಸಣ್ಣ ಆಳು, ಚಪ್ಪಲಿ ಬಿಡುವ ಮುಂಚೆಯೇ ‘ಎಲ್ಲೇ ನನ್ನ ಅಳಿಯ?’ ಅಂತ ಕೂಗಿಕೊಂಡು ಬಂದಳು. ಎತ್ತಿಕೊಂಡಳು. ನಗು ಅರ್ಧಕ್ಕೆ ನಿಂತಿತು.

‘ಎಷ್ಟಿದಾನೆ ಅಂದೆ ಫೋನಲ್ಲಿ?’

‘ಐದು ಒಂಬೈನೂರು. ನಿನ್ನೆ ತಾನೇ ತೂಗಿದ್ದು.’

ಮತ್ತೆ ಒಂದು ಸಲ ಕೈಯಲ್ಲೇ ಮೇಲೆ ಕೆಳಗೆ ಮಾಡಿದಳು. ಅವಳ ಕೈಯೂ ತಕ್ಕಡಿಯೇ, ಹಾಳಾದ್ದು. ನನ್ನ ಕಡೆ ನೋಡಲಿಲ್ಲ. ನಾನೂ ಪರದೆಯ ಹೂವು ಎಣಿಸುತ್ತಿದ್ದೆ.

‘ನಾಳೆ ವಾರ್ಡಿಗೆ ಬಾರೇ. ಸುಮ್ನೆ ಎಲ್ಲರಿಗೂ ತೋರ್ಸೋಣ.’

ಗುಬ್ಬಿಗೆ ಖುಷಿ. ಒಳ್ಳೇ ಅಂಗಿ ಯಾವುದು ಅಂತ ಚೀಲ ಕೆದಕಲು ಶುರು ಮಾಡಿದಳು. ನಾನು ನಾಳೆ ಎಲ್ಲರೂ ಕೆರೆಗೆ ದೋಣಿಯಲ್ಲಿ ಹೋಗೋಣ, ಖರ್ಚು ನನ್ನದು ಅಂದೆ. ಐದು ತಿಂಗಳ ಕೂಸನ್ನ ದೋಣಿಯಲ್ಲಾ ಅಂತ ಪರದೆಯವಳು ಬೈದಳು.

ತಾ. ೧೪, ಶನಿವಾರ. ಮಧ್ಯಾಹ್ನ ಒಂದು

ಆಸ್ಪತ್ರೆಯ ಮೆಟ್ಟಿಲು.

ಕರೆಂಟಿನ ತೂಕದ ಯಂತ್ರ. ಬಿಳಿ ತಟ್ಟೆ, ಕೆಂಪು ಅಂಕಿ. ನರ್ಸಮ್ಮ ದೊರೆಯ ಅಂಗಿ ಬಿಚ್ಚಿಸಿದಳು, ಹಾಸು ತೆಗೆಸಿದಳು. ಅಂಕಿ ಓಡಿತು, ನಿಂತಿತು.

ನಾಲ್ಕು ಆರುನೂರ ಎಂಬತ್ತು.

ಗುಬ್ಬಿ ನಕ್ಕುಬಿಟ್ಟಳು. ‘ನಿಮ್ಮ ಮಷೀನು ಕೆಟ್ಟಿದೆ ಕಣೇ!’

ಇನ್ನೊಂದು ಯಂತ್ರಕ್ಕೆ ಒಯ್ದರು. ಅದೇ ಅಂಕಿ.

‘ಇಲ್ಲ, ಇದೂ ಕೆಟ್ಟಿದೆ. ನಮ್ಮ ಮಾವನ ತಕ್ಕಡೀಲಿ ನಾನೇ ಬಟ್ಟು ಹಾಕಿದೀನಿ. ಅದು ತಪ್ಪೋದೇ ಇಲ್ಲ. ಹೇಳು ಮಾವ.’

ಎಲ್ಲರೂ ನನ್ನನ್ನು ನೋಡಿದರು. ‘ಕರೆಂಟಿನ ಮಷೀನು ನಂಬೋ ಹಾಗಿಲ್ಲ,’ ಅಂದೆ. ದೇವರೇ, ಅಂದೆ.

ಡ್ಯೂಟಿ ಡಾಕ್ಟರು ಬಂದ. ಎಳೆಯವನು, ಕಣ್ಣು ಕೆಂಪಗೆ, ನಿದ್ದೆಗೆಟ್ಟವನು. ಹೊರಗೆ ಬೆಂಚಿನ ತುಂಬ ಅಳುವ ಮಕ್ಕಳು. ಗುಬ್ಬಿ ಪುಸ್ತಕ ಕೊಟ್ಟಳು. ದುಂಡಗಿನ ಅಕ್ಷರ, ವಾರಕ್ಕೊಂದು ಗೆರೆ, ವಾರಕ್ಕೆ ನೂರು ಏರಿಕೆ. ಓದಿ ಅವನ ಮುಖ ಬದಲಾಯಿತು.

‘ಗುರುವಾರ ಐದು ಒಂಬೈನೂರು. ಇವತ್ತು ಶನಿವಾರ, ನಾಲ್ಕು ಆರುನೂರ ಎಂಬತ್ತು. ಎರಡು ದಿನಕ್ಕೆ ಕಿಲೋಗಿಂತ ಜಾಸ್ತಿ ಹೋಗಿದೆ. ಮೈಯಲ್ಲಿ ನೀರಿಲ್ಲ. ಡ್ರಿಪ್ ಹಾಕಿ, ಬೇಗ.’

ನರ್ಸಮ್ಮ ಅಡ್ಡ ನಿಂತಳು. ‘ಭೇದಿ ಇಲ್ಲ ಸರ್, ವಾಂತಿ ಇಲ್ಲ. ಹಾಲು ಕುಡಿಯೋವಾಗ ಬೆವರ್ತಾನೆ. ಉಸಿರು ಜೋರಿದೆ. ಎದೆ ಒಂದ್ಸಲ—’

‘ಇಷ್ಟು ಅಳ್ತಿರುವಾಗ ಎದೇಲಿ ಏನು ಕೇಳುತ್ತೆ? ಹಾಗಾದ್ರೆ ಈ ಪುಸ್ತಕ ಸುಳ್ಳಾ?’

ಅವಳು ನನ್ನ ಕಡೆ ತಿರುಗಿದಳು. ‘ನಿಮ್ಮ ತಕ್ಕಡಿ ಸರಿ ಇದೆಯಾ? ನಿಜ ಹೇಳಿ.’

ಒಂದೇ ಒಂದು ಮಾತು. ಗಂಟಲಿಗೆ ಬಂದಿತ್ತು. ಗುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು, ಈಗ ಮಾವ ಇವರಿಗೆಲ್ಲ ಬುದ್ಧಿ ಕಲಿಸುತ್ತಾನೆ ಅನ್ನುವ ಹಾಗೆ.

‘ಹಾಸಿನ ತೂಕ ಕಳೆಯೋದು ಮರೆತಿರಬಹುದು,’ ಅಂದೆ. ‘ಒಂದಿನ್ನೂರು ಗ್ರಾಂ ಆಚೀಚೆ.’

‘ಇನ್ನೂರು ಕಳೆದ್ರೂ ಒಂದು ಕಿಲೋ ಹೋಗಿದೆ,’ ಅಂದ ಡಾಕ್ಟರು. ‘ಹಾಕಿ.’

ಹಾಕಿದರು. ಕಾಲಿನ ನರಕ್ಕೆ. ಕೈಯಲ್ಲಿ ಸಿಗಲಿಲ್ಲವಂತೆ.

ಅದೇ ದಿನ, ಸಂಜೆ ಐದೂಕಾಲು

ನೀರು ಇಳಿಯುತ್ತಿದೆ. ದೊರೆಗೆ ಚುರುಕು ಬರಬೇಕಿತ್ತು. ಬಂದಿಲ್ಲ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುತ್ತದೆ. ತುಟಿಯ ಸುತ್ತ ಮಸಿ ಒರಸಿದ ಹಾಗೆ. ಗುಬ್ಬಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಪರದೆಯವಳು ಬ್ರೆಡ್ಡು ತಂದಳು. ಅದು ಹಾಗೆಯೇ ಇದೆ.

ಮೂರು ಸಲ ಬಾಗಿಲ ತನಕ ಹೋದೆ. ಎರಡು ಸಲ ವಾಪಸ್ ಬಂದೆ. ಒಮ್ಮೆ ಡಾಕ್ಟರು ಫೋನಿನಲ್ಲಿದ್ದ, ಅದು ನೆವ. ಇನ್ನೊಮ್ಮೆ ಗುಬ್ಬಿ ಬಾಗಿಲ ಕಡೆ ನೋಡಿದಳು.

ಮೂರನೇ ಸಲಕ್ಕೆ ನರ್ಸಮ್ಮ ಎದುರು ಸಿಕ್ಕಳು. ಸೀಸದ ಮಾತು ಹೇಳಿದೆ. ಹಾಸಿನ ಮಡಿಕೆ, ಮೊದಲ ಗುರುವಾರ, ಅಕ್ಕ ತೋಳು ಹಿಡಿದದ್ದು, ಎಲ್ಲ. ಅವಳು ಬೈಯಲಿಲ್ಲ. ಎಷ್ಟು ಅಂತ ಮಾತ್ರ ಕೇಳಿದಳು.

‘ಐನೂರು.’

‘ಮಧ್ಯಾಹ್ನ ಇನ್ನೂರು ಅಂದ್ರಿ.’

‘ಐನೂರು ತಾಯಿ. ಇದು ಸತ್ಯ.’

ಓಡಿದಳು. ಗಾಜಿನ ಬಾಗಿಲಿನ ಆಚೆ ಡಾಕ್ಟರ ಜೊತೆ ಮಾತಾಡುವುದು ಕಾಣುತ್ತಿತ್ತು. ಅವನು ಬೆರಳಲ್ಲಿ ಲೆಕ್ಕ ಹಾಕಿದ. ಐನೂರು ಕಳೆದರೂ ಎರಡು ದಿನಕ್ಕೆ ಏಳುನೂರು ಚಿಲ್ಲರೆ. ತಲೆ ಅಲ್ಲಾಡಿಸಿದ. ನೀರಿನ ವೇಗ ಅರ್ಧ ಮಾಡಿದರು. ನಿಲ್ಲಿಸಲಿಲ್ಲ.

ಸತ್ಯವನ್ನೂ ಕಂತಿನಲ್ಲಿ ಕೊಡುತ್ತಿದ್ದೇನೆ. ಬಾಯಿಗೆ ಬಂದಾಗ ಅದೇ ಸಣ್ಣದಾಗುತ್ತದೆ. ಬೇರೆ ಎಲ್ಲ ಮಾತೂ ಬಾಯಿಗೆ ಬಂದಾಗ ದೊಡ್ಡದಾಗುತ್ತಿತ್ತು.

ಈಗ ಹೋಗಿ ಹೇಳಬೇಕು. ಹೋಗುತ್ತೇನೆ. ಈ ಪುಟ ಮುಗಿಸಿ

ತಾ. ೧೫, ಭಾನುವಾರ. ಬೆಳಿಗ್ಗೆ ಒಂಬತ್ತು

ಹೋಗಲಿಲ್ಲ.

ಬೆಳಗ್ಗೆ ಏಳಕ್ಕೆ ದೊಡ್ಡ ಡಾಕ್ಟರಮ್ಮ ಬಂದರು. ಬಿಳಿ ಕೂದಲು, ಮೆತ್ತಗಿನ ಮಾತು. ಮಗುವಿನ ಎದೆಯ ಮೇಲೆ ಬರಿ ಅಂಗೈ ಇಟ್ಟರು. ಅಷ್ಟೇ. ಪುಸ್ತಕ ಕೇಳಲಿಲ್ಲ, ಯಂತ್ರ ನೋಡಲಿಲ್ಲ. ‘ನೀರು ನಿಲ್ಲಿಸಿ,’ ಅಂದರು.

ಹೃದಯದಲ್ಲಿ ತೂತು. ಹುಟ್ಟಿನಿಂದ ಇದ್ದದ್ದು. ಅದಕ್ಕೇ ಹಾಲು ಕುಡಿಯಲು ಶಕ್ತಿ ಸಾಲದೆ ಇಳಿಯುತ್ತ ಬಂದ. ಇಳಿದದ್ದೇ ಅದರ ಗುರುತಂತೆ. ಅಂಥ ಎದೆಗೆ ನಾವು ನಿನ್ನೆ ಮಧ್ಯಾಹ್ನದಿಂದ ನೀರು ತುಂಬಿದೆವು. ಶ್ವಾಸಕೋಶಕ್ಕೂ ಹೋಗಿದೆ. ಈಗ ಗಾಜಿನ ರೂಮಿನಲ್ಲಿದ್ದಾನೆ, ಬಾಯಿಗೆ ನಳಿಗೆ. ಯಂತ್ರ ಉಸಿರು ಹಾಕುತ್ತದೆ, ದೊರೆ ಸುಮ್ಮನೆ ಮಲಗಿದ್ದಾನೆ.

‘ಒಂದೂವರೆ ತಿಂಗಳ ಹಿಂದೆ ಬಂದಿದ್ರೆ ಔಷಧಿ ಕೊಟ್ಟು ಮೈ ತುಂಬಿಸ್ಕೊಂಡು ಆಪರೇಷನ್ ಮಾಡಬಹುದಿತ್ತು,’ ಅಂದರು ಡಾಕ್ಟರಮ್ಮ. ‘ಈಗ ನೋಡೋಣ.’

ಗುಬ್ಬಿ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದಳು. ನರ್ಸಮ್ಮ ಹೇಳಿದ್ದಾಳೆ. ಗುಬ್ಬಿ ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

‘ಅಂಗಿ ಸಡಿಲ ಅಂದೆ,’ ಅಂದಳು. ‘ತೊಡೆ ತೆಳ್ಳಗಾಗಿದೆ ಅಂದೆ. ನೀನು ನಗಿಸ್ದೆ. ಅಮ್ಮ ನಿನ್ನ ಮಾತು ಕೇಳಿ ನನ್ನನ್ನೇ ಬೈದ್ಲು. ಮಗು ಬೆಳೀತಿರೋದು ಎಲ್ರಿಗೂ ಕಾಣುತ್ತೆ, ನನಗೊಬ್ಬಳಿಗೆ ಕಾಣ್ತಿಲ್ಲ, ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡೆ ಮಾವ. ಕನ್ನಡಿ ಮುಂದೆ ಅವನನ್ನ ಹಿಡ್ಕೊಂಡು ನಿಂತ್ಕೋತಿದ್ದೆ. ಎಲ್ಲಿ ಬೆಳೆದಿದಾನೆ, ಎಲ್ಲಿ ಅಂತ ಹುಡುಕ್ತಿದ್ದೆ.’

‘ನೀನು ನಗ್ಲಿ ಅಂತ...’

‘ನಕ್ಕೆನಲ್ಲ.’

ಆ ಒಂದು ಮಾತು. ಮೂವತ್ತು ವರ್ಷದಲ್ಲಿ ಯಾವ ವ್ಯಾಪಾರಿಯ ತಟ್ಟೆಯನ್ನೂ ನಾನು ಹಾಗೆ ಮಗುಚಿ ಹಾಕಿರಲಿಲ್ಲ.

ಆಮೇಲೆ ಕೇಳಿದಳು: ‘ಎಷ್ಟಿಟ್ಟಿದ್ದೆ?’

ಐನೂರು ಅಂದೆ. ಅವಳಿಗೂ ಐನೂರು ಅಂದೆ.

ಲೆಕ್ಕ ಹಾಕುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಪುಸ್ತಕ ನನ್ನ ಎದೆಗೆ ಒತ್ತಿದಳು. ‘ಪಕ್ಕದಲ್ಲಿ ನಿಜವಾದ್ದು ಬರಿ. ಎಂಟೂ ಗುರುವಾರದ್ದು. ಡಾಕ್ಟರಮ್ಮ ಕೇಳ್ತಿದಾರೆ, ಯಾವಾಗಿಂದ ಇಳಿದ, ಎಷ್ಟು ಬೇಗ ಇಳಿದ ಅಂತ ಗೊತ್ತಾಗ್ಬೇಕಂತೆ.’

ತಾ. ೧೯, ಗುರುವಾರ. ಬೆಳಿಗ್ಗೆ ಹನ್ನೊಂದು

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಒಂದೇ ಇತ್ತು, ಅದನ್ನು ಬರೆಯಲಿಲ್ಲ.

ಅಕ್ಕ ಸೋಮವಾರವೇ ಬಂದಳು. ನನ್ನ ಪಕ್ಕದ ಕುರ್ಚಿ ಖಾಲಿ ಇದ್ದರೂ ನಿಂತೇ ಇರುತ್ತಾಳೆ. ಪರದೆಯವಳು ಊಟದ ಡಬ್ಬಿ ತಂದು ನನ್ನ ಮುಂದೆ ಇಡುತ್ತಾಳೆ. ಬಾಯಿ ಜೋರಿನವಳು, ಈಗ ‘ತಿನ್ನಿ’ ಅಂತ ಒಂದೇ ಮಾತು. ಹಡಗಿನವನಿಗೆ ಸುದ್ದಿ ಮುಟ್ಟಿದೆ. ಅವನು ದಡ ಸೇರಲು ಇನ್ನೂ ಒಂಬತ್ತು ದಿನ.

ದೊರೆ ಗಾಜಿನ ಆಚೆ. ನಳಿಗೆ ಇದೆ. ಮೊನ್ನೆ ತೆಗೆದರು, ಎರಡು ಗಂಟೆಗೆ ಮತ್ತೆ ಹಾಕಿದರು. ಇವತ್ತಿನ ತೂಕ ನಾಲ್ಕು ನಾನೂರ ಐವತ್ತು. ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ, ಯಾರು ಬೇಕಾದರೂ ಓದುವ ಹಾಗೆ. ಎಷ್ಟು ಸುಲಭವಾಗಿ ಬರೆದಿದ್ದಾರೆ.

ಡಾಕ್ಟರಮ್ಮ ನಿನ್ನೆ ಎಲ್ಲರನ್ನೂ ಕೂರಿಸಿ ಹೇಳಿದರು. ಮೈ ತುಂಬಿದ ಮೇಲೆ ಆಪರೇಷನ್ ಮಾಡುವುದು ಒಂದು ದಾರಿ. ಹೀಗೇ ಮಾಡುವುದು ಇನ್ನೊಂದು, ಅದರಲ್ಲಿ ಅಪಾಯ ಜಾಸ್ತಿ. ಮೆಲ್ಲಗೆ ಇಳಿದ ಮಗುವಾದರೆ ಕಾಯುವುದರಲ್ಲಿ ಅರ್ಥವಿಲ್ಲ. ಹೋದ ವಾರದ ತನಕ ಏರುತ್ತಿದ್ದು ಈಗ ಕುಸಿದದ್ದಾದರೆ ಕಾಯಬಹುದು, ಬೇರೆ ಸೋಂಕು ಹುಡುಕಬೇಕು. ‘ಆ ಪುಸ್ತಕ ಯಾರ ಹತ್ರ ಇದೆ?’

ನನ್ನ ಹತ್ತಿರ.

ನಿನ್ನೆ ಇಡೀ ದಿನ ಅದರಲ್ಲಿ ಬರೆದೆ. ಮೊದಲ ಗುರುವಾರ ಸರಿಯಾಗಿ ಬರೆದೆ. ಎರಡನೆಯದೂ ಸರಿ. ಮೂರನೆಯದಕ್ಕೆ ಕೈ ತಾನಾಗಿ ಸೀಸದ ಲೆಕ್ಕದಲ್ಲಿ ನೂರು ಕಡಿಮೆ ಮಾಡಿತು. ನಾಲ್ಕಕ್ಕೆ ಇನ್ನೂ ಸ್ವಲ್ಪ. ಎಂಟಕ್ಕೆ ಬರುವಾಗ ಮತ್ತೆ ಅದೇ ಐನೂರಕ್ಕೆ ಬಂದು ನಿಂತಿದ್ದೆ. ಪಕ್ಕದ ಸಾಲು ನೋಡಲು ಚೆನ್ನಾಗಿತ್ತು, ಯಾರಾದರೂ ನಂಬುತ್ತಿದ್ದರು. ಮಗು ಆ ತುದಿಯಲ್ಲಿ ಉಸಿರಿಗೆ ಒದ್ದಾಡುವಾಗ, ಈ ತುದಿಯಲ್ಲಿ ಕೂತು ನನ್ನ ಮಾನಕ್ಕೆ ಗ್ರಾಂ ಗ್ರಾಂ ಉಳಿಸುತ್ತಿದ್ದೇನೆ. ನಾನು ಬರೆದ ಸಾಲನ್ನೆಲ್ಲ ಹೊಡೆದುಹಾಕಿದೆ.

ಈಗ ನರ್ಸಮ್ಮ ಬಂದು ಹೋದಳು. ಹನ್ನೆರಡಕ್ಕೆ ಡಾಕ್ಟರಮ್ಮ ತೀರ್ಮಾನ ಮಾಡುತ್ತಾರೆ. ‘ಬರೆದಾಯ್ತಾ?’ ಅಂದಳು. ಆಯಿತು ಅಂದೆ. ಆಗಿಲ್ಲ. ಗುಬ್ಬಿ ಗಾಜಿಗೆ ಹಣೆ ಒತ್ತಿ ನಿಂತಿದ್ದಾಳೆ. ಇಲ್ಲಿಂದ ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನಿಗೆ ಕೇಳುವ ಹಾಗೆ ಹೇಳಲು ಆಗುತ್ತಿಲ್ಲ. ಇಲ್ಲಿ ಬರೆದು, ಈ ಪುಟವನ್ನೇ ಕಿತ್ತು ಕೊಡುತ್ತೇನೆ. ನಾನು ಬಡಾಯಿ ಕೊಚ್ಚದ ಪುಟ ಇನ್ನೊಂದಿಲ್ಲ.

ಸೀಸ ಮೊದಲ ಗುರುವಾರ ನೂರೈವತ್ತು. ಎರಡಕ್ಕೆ ಇನ್ನೂರ ಐವತ್ತು. ಮೂರಕ್ಕೆ ನಾನೂರು. ನಾಲ್ಕಕ್ಕೆ ಐನೂರ ಐವತ್ತು. ಐದಕ್ಕೆ ಏಳುನೂರ ಐವತ್ತು, ಅವತ್ತು ಎರಡು ತಗಡು ಒಟ್ಟಿಗೆ ಸೇರಿಸಬೇಕಾಯಿತು. ಆರಕ್ಕೆ ಎಂಟುನೂರ ಐವತ್ತು. ಏಳಕ್ಕೆ ಒಂದು ಕಿಲೋ ದಾಟಿತು, ಐವತ್ತು ಜಾಸ್ತಿ, ತಟ್ಟೆಯ ಹಾಸಿನ ಬಟ್ಟೆಗೆ ಇನ್ನೊಂದು ಮಡಿಕೆ ಹಾಕಿದೆ. ಇವೆಲ್ಲ ಪುಸ್ತಕದಲ್ಲಿರುವ ತೂಕದಿಂದ ಕಳೆಯಬೇಕಾದ್ದು ಡಾಕ್ಟರಮ್ಮ, ಒಂದೂ ಬಿಡದೆ ಕಳೆಯಿರಿ. ಅವನು ಒಂದು ವಾರವೂ ಏರಿಲ್ಲ. ಒಂದು ವಾರವೂ.

ಎಂಟನೇ ಗುರುವಾರ, ಹನ್ನೆರಡನೇ ತಾರೀಖು, ಪುಸ್ತಕದಲ್ಲಿ ಐದು ಒಂಬೈನೂರು. ದೊರೆ ಇದ್ದದ್ದು ನಾಲ್ಕು ಏಳುನೂರು. ಸೀಸ ಇನ್ನೂರಲ್ಲ, ಐನೂರಲ್ಲ ಗುಬ್ಬಿ — ಒಂದು ಕಿಲೋ ಇನ್ನೂರು.